ಸೈಲೆನ್ಸರಿನಿಂದ ನೀರು ಬಂತೆ? ಗಾಬರಿ ಬೇಡ, ಸದ್ದು ಬಂತೆ? ಅಲಕ್ಷ್ಯ ಬೇಡ

ಡಿಸೆಂಬರ್ ತಿಂಗಳ ಒಂದು ಮುಂಜಾನೆ. ಆ ಹೊತ್ತಿಗೆ ನಮ್ಮ ಬೇಗೂರಿನ ಹೊಲಗಳ ಮೇಲೆ ಮಂಜು ಇನ್ನೂ ಕರಗಿರುವುದಿಲ್ಲ. ಫಜ್ರ್ ನಮಾಝ್ ಮುಗಿಸಿ ಬಂದ ನಮ್ಮ ಮನೆಯವರು ಕಾರು ಸ್ಟಾರ್ಟ್ ಮಾಡಿ ಬಿಟ್ಟು, ಒಳಗೆ ಬಂದು ಚಹಾ ಕುಡಿಯುತ್ತಿದ್ದರು. ಅತ್ತೆಯವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಶಾಲು ಹೊದ್ದು ಅಂಗಳದಲ್ಲಿ ನಿಂತಿದ್ದ ಅತ್ತೆ ಒಮ್ಮೆಲೇ ನನ್ನನ್ನು ಕೂಗಿದರು.

“ಬೇಟಿ, ಬೇಗ ಬಾ. ಗಾಡಿ ಹಿಂದಿನಿಂದ ನೀರು ಸುರೀತಿದೆ ನೋಡು.”

ಹೋಗಿ ನೋಡಿದೆ. ನಿಜ. ಸೈಲೆನ್ಸರ್ ಕೊಳವೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ಅಂಗೈ ಅಗಲದಷ್ಟು ಒದ್ದೆಯಾಗಿತ್ತು. ಕೊಳವೆಯಿಂದ ಬಿಳಿಯ ಹೊಗೆಯೂ ಏಳುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬಂದು, “ಆಪಾ, ಇಂಜಿನ್ ಒಳಗೆ ನೀರು ಹೋಗಿದೆ. ಓಡಿಸಬೇಡಿ” ಎಂದುಬಿಟ್ಟ.

ಅದು ನಾವು ಹೊಸದಾಗಿ ಕೊಂಡ ಕಾರಲ್ಲ. ಮಂಡಿನೋವಿನ ಅತ್ತೆಯವರಿಗೆ ಬಸ್ಸು ಹತ್ತಿ ಇಳಿಯುವುದು ಕಷ್ಟವಾದಾಗ, ಹಲವು ವರ್ಷಗಳ ಉಳಿತಾಯ ಸೇರಿಸಿ ಕೊಂಡ ಹಳೆಯ ಪೆಟ್ರೋಲ್ ಕಾರು. ಅಂದು ಬಸ್ಸಿನಲ್ಲೇ ಮೈಸೂರಿಗೆ ಹೋಗಿ ಬಂದೆವು. ಮರುದಿನ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಬಾನೆಟ್ ಎತ್ತಿ ನೋಡಿದ ಶಾಸ್ತ್ರ ಮಾಡಿ, “ಇಂಜಿನ್ ಬಿಚ್ಚಬೇಕು, ಹದಿನೆಂಟು ಸಾವಿರ ಆಗುತ್ತೆ” ಎಂದರು. ಆ ರಾತ್ರಿ ನನ್ನ ಎರಡು ಬಳೆಗಳನ್ನು ಅಡವಿಡುವ ಮಾತು ನಮ್ಮ ಮನೆಯಲ್ಲಿ ನಡೆಯಿತು.

ಬಳೆ ಉಳಿದದ್ದು ಗುಂಡ್ಲುಪೇಟೆಯ ಒಬ್ಬ ಹಿರಿಯ ಮೆಕ್ಯಾನಿಕ್‌ರಿಂದ. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುವುದು. ಅವರು ಬಾನೆಟ್ ಎತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳಿದರು. ನೀರು ಎಷ್ಟು ಹೊತ್ತು ಬರುತ್ತದೆ? ಬಿಸಿಯಾದ ಮೇಲೆ ನಿಲ್ಲುತ್ತದೆಯೇ? ರೇಡಿಯೇಟರಿಗೆ ಪದೇ ಪದೇ ನೀರು ತುಂಬಬೇಕಾಗುತ್ತಿದೆಯೇ? ಹೊಗೆಗೆ ಏನಾದರೂ ವಾಸನೆ ಇದೆಯೇ? ಹತ್ತು ನಿಮಿಷದಲ್ಲಿ ನೀರು ನಿಲ್ಲುತ್ತದೆ, ರೇಡಿಯೇಟರಿನ ನೀರು ಕಡಿಮೆಯಾಗಿಲ್ಲ, ವಿಶೇಷ ವಾಸನೆಯೂ ಇಲ್ಲ ಎಂದೆವು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿಸಿ, ತಲೆ ಬಾಗಿಸಿ ಆಲಿಸಿದರು. ಮುಂಭಾಗದಿಂದ ‘ಟಪ್ ಟಪ್ ಟಪ್’ ಎಂಬ ಸದ್ದು ಬರುತ್ತಿತ್ತು.

“ಈ ಸದ್ದು ಎಷ್ಟು ದಿನದಿಂದ ಇದೆ?”

“ಎರಡು ತಿಂಗಳಿಂದ ಇದೆ ಚಾಚಾ. ಐದು ನಿಮಿಷ ಇರುತ್ತೆ, ಆಮೇಲೆ ತಾನಾಗಿಯೇ ಹೋಗುತ್ತೆ. ಅದಕ್ಕೇ ಸುಮ್ಮನಿದ್ದೆವು” ಎಂದರು ನಮ್ಮವರು.

ಚಾಚಾ ನನ್ನ ಕಡೆ ತಿರುಗಿ, “ಗಾಡಿಯಲ್ಲಿ ಕೂತಾಗ ಯಾರಿಗಾದರೂ ತಲೆನೋವು ಬರುತ್ತಾ ಬೇಟಿ?” ಎಂದು ಕೇಳಿದರು.

ನನ್ನ ಗಂಟಲು ಒಣಗಿತು. ಚಳಿಯೆಂದು ಗಾಜು ಏರಿಸಿಕೊಂಡು ಹೋದಾಗಲೆಲ್ಲ ಅತ್ತೆಗೆ ತಲೆ ಸಿಡಿಯುತ್ತಿತ್ತು. ನನ್ನ ಮಗಳು ನಂಜನಗೂಡು ತಲುಪುವ ಮೊದಲೇ ವಾಂತಿ ಮಾಡುತ್ತಿದ್ದಳು. ಕಾರಿನ ಪ್ರಯಾಣ ಮಗುವಿಗೆ ಆಗಿಬರುವುದಿಲ್ಲ ಎಂದುಕೊಂಡು ನಾನು ಪ್ರತಿಸಲ ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಹಿಡಿದು ಕೂರುತ್ತಿದ್ದೆ. ಬಸ್ಸಿನಲ್ಲಿ ಹೋದ ದಿನ ಅವಳಿಗೆ ಏನೂ ಆಗಿರಲಿಲ್ಲ!

“ನೀರಿನ ಚಿಂತೆ ಬಿಡಿ. ನೀವು ಹೆದರಬೇಕಾಗಿದ್ದದ್ದು ಈ ಸದ್ದಿಗೆ” ಎಂದರು ಚಾಚಾ.

ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದ ನನಗೆ ಇಂಜಿನ್ನಿನ ಸಂಗತಿ ಗೊತ್ತಿರಲಿಲ್ಲ. ಅದು ಗಂಡಸರ ವಿಷಯ ಎಂದು ಬಿಟ್ಟುಬಿಟ್ಟಿದ್ದೆ. ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳನ್ನು, ವೃದ್ಧರನ್ನು ಕೂರಿಸಿಕೊಂಡು ಹೋಗುವವರು ನಾವಲ್ಲವೇ? ಅಂದಿನಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಸಹೋದರಿಯರ ಮುಂದಿಡುತ್ತಿದ್ದೇನೆ.

ಆ ನೀರು ಎಲ್ಲಿಂದ ಬರುತ್ತದೆ?

ಪೆಟ್ರೋಲಿನಲ್ಲಿ ಮುಖ್ಯವಾಗಿ ಇರುವುದು ಇಂಗಾಲ ಮತ್ತು ಜಲಜನಕ. ಇಂಜಿನ್ನಿನೊಳಗೆ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉರಿಯುತ್ತದೆ. ಆಗ ಇಂಗಾಲವು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ, ಜಲಜನಕವು ನೀರಾಗುತ್ತದೆ. ಆಶ್ಚರ್ಯವೆನಿಸಬಹುದು: 1 ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ 1 ಲೀಟರ್‌ನಷ್ಟು ನೀರು ಹುಟ್ಟುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು 45 ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 3 ಲೀಟರ್ ನೀರನ್ನು ಹೊರಹಾಕಿರುತ್ತದೆ!

ಹಾಗಾದರೆ ಅದು ದಿನವೂ ಕಾಣುವುದಿಲ್ಲವೇಕೆ? ಅನ್ನದ ಪಾತ್ರೆಯ ಮುಚ್ಚಳವನ್ನು ನೆನಪಿಸಿಕೊಳ್ಳಿ. ಮುಚ್ಚಳ ತಣ್ಣಗಿದ್ದರೆ ಆವಿ ಅದಕ್ಕೆ ತಾಗಿ ಹನಿಯಾಗುತ್ತದೆ. ಸೈಲೆನ್ಸರ್ ಕೂಡ ಹಾಗೆಯೇ. ರಾತ್ರಿಯಿಡೀ ಚಳಿಗೆ ತಣ್ಣಗಾದ ಕಬ್ಬಿಣದ ಕೊಳವೆಗೆ ಬಿಸಿ ಆವಿ ತಾಗಿದಾಗ ನೀರಿನ ಹನಿಗಳು ಮೂಡುತ್ತವೆ. ಕಾರು ಹತ್ತು-ಹದಿನೈದು ನಿಮಿಷ ಓಡಿ ಕೊಳವೆ ಪೂರ್ತಿ ಬಿಸಿಯಾದರೆ ನೀರು ಆವಿಯ ರೂಪದಲ್ಲೇ ಕಣ್ಣಿಗೆ ಕಾಣದಂತೆ ಹೊರಟುಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಕಾಣುವ ಬಿಳಿಯ ಹೊಗೆಯೂ ಹೊಗೆಯಲ್ಲ, ನಮ್ಮ ಬಾಯಿಂದ ಬರುವಂಥ ಹಬೆ.

ಈಗಿನ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶುದ್ಧೀಕರಣದ ಪೆಟ್ಟಿಗೆಯೂ ಕೊಳವೆಯ ದಾರಿಯಲ್ಲಿರುತ್ತದೆ. ನಮ್ಮ ದೇಶದಲ್ಲಿ ಅದು 1995ರಲ್ಲಿ ದೆಹಲಿ, ಮುಂಬಯಿ, ಕೋಲ್ಕತಾ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯಿತು. ಇಂಜಿನ್ನಿನಿಂದ ಬರುವ ವಿಷಾನಿಲವನ್ನು, ಉರಿಯದೆ ಉಳಿದ ಪೆಟ್ರೋಲನ್ನು ಅದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಮಾರ್ಪಡಿಸುತ್ತದೆ. ಸಿ.ಎನ್.ಜಿ. ಗಾಡಿಗಳಲ್ಲಿ ಈ ನೀರು ಇನ್ನೂ ಹೆಚ್ಚು.

ಇನ್ನೊಂದು ನೀರೂ ಇದೆ. ಎ.ಸಿ. ಹಾಕಿದಾಗ ಕಾರಿನ ಮುಂಭಾಗದ ಅಡಿಯಿಂದ ತಣ್ಣನೆಯ ಶುದ್ಧ ನೀರು ತೊಟ್ಟಿಕ್ಕುತ್ತದೆ. ಅದೂ ಸಹಜವೇ. ಅದಕ್ಕೂ ಸೈಲೆನ್ಸರಿಗೂ ಸಂಬಂಧವಿಲ್ಲ.

ನೀರು ಸಹಜವೆಂದರೆ ಅದರಿಂದ ಹಾನಿಯೇ ಇಲ್ಲ ಎಂದಲ್ಲ. ಮನೆಯಿಂದ ಶಾಲೆಗೆ, ಶಾಲೆಯಿಂದ ಅಂಗಡಿಗೆ ಎಂದು ಬರೀ ಒಂದೆರಡು ಕಿಲೋಮೀಟರ್ ಓಡುವ ಕಾರಿನ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರು ಒಳಗೇ ನಿಲ್ಲುತ್ತದೆ. ಹೊಗೆಯ ಅನಿಲಗಳು ಅದರಲ್ಲಿ ಕರಗಿ ಹುಳಿಯ ಗುಣ ಬರುತ್ತದೆ. ಹುಣಸೆ ರಸ ಕಬ್ಬಿಣದ ಬಾಣಲೆಯನ್ನು ತಿನ್ನುವಂತೆ ಅದು ಸೈಲೆನ್ಸರನ್ನು ಒಳಗಿನಿಂದ ತಿನ್ನುತ್ತದೆ. ವಾರಕ್ಕೊಮ್ಮೆಯಾದರೂ ಕಾರನ್ನು ಅರ್ಧ ಗಂಟೆ ಓಡಿಸಬೇಕು ಎನ್ನುವುದು ಇದಕ್ಕೇ. ಬೇಗೂರಿನಿಂದ ಗುಂಡ್ಲುಪೇಟೆಗೆ ಒಮ್ಮೆ ಹೋಗಿ ಬಂದರೂ ಸಾಕು.

ನೀರಿಗೆ ಹೆದರಬೇಕಾದದ್ದು ಯಾವಾಗ?

ಕಾರು ಪೂರ್ತಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಆ ಹೊಗೆಗೆ ಸಿಹಿ ಸಿಹಿ ವಾಸನೆಯಿದ್ದರೆ, ಕೂಲೆಂಟ್ ಡಬ್ಬಿಯ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ, ಬಿಸಿಯ ಮುಳ್ಳು ಮೇಲೇರುತ್ತಿದ್ದರೆ ಆಗ ಚಿಂತಿಸಬೇಕು. ಇಂಜಿನ್ನನ್ನು ತಂಪಾಗಿಡುವ ನೀರು ಉರಿಯುವ ಜಾಗಕ್ಕೆ ನುಗ್ಗುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂಬುದರ ಲಕ್ಷಣಗಳಿವು. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಹಾಲು ಹಾಕಿದ ಚಹಾದ ಬಣ್ಣದ ಜಿಡ್ಡು ಇದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಇಂಥ ಕಾರನ್ನು ಓಡಿಸದೆ ಗ್ಯಾರೇಜಿಗೆ ತೋರಿಸಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದೂ ತೆಗೆಯಬಾರದು. ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಹೊಗೆಯ ಬಣ್ಣವೂ ಸಂಗತಿ ಹೇಳುತ್ತದೆ. ನೀಲಿ ಛಾಯೆಯಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿ ಹೋಗಿ ಸರಿಯಾಗಿ ಉರಿಯುತ್ತಿಲ್ಲ.

ಸದ್ದು ಏನು ಹೇಳುತ್ತದೆ?

ಇಂಜಿನ್ನಿನೊಳಗೆ ನಿಮಿಷಕ್ಕೆ ಸಾವಿರಾರು ಸಲ ಸಣ್ಣ ಸ್ಫೋಟಗಳಾಗುತ್ತವೆ. ಸೈಲೆನ್ಸರಿನೊಳಗಿನ ತೂತುಕೊಳವೆಗಳು, ಕೋಣೆಗಳು ಆ ಸದ್ದಿನ ಅಲೆಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ ಅಡಗಿಸುತ್ತವೆ. ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೆ ಈ ಕೊಳವೆಯ ಕೆಲಸ ಸದ್ದಡಗಿಸುವುದಷ್ಟೇ ಅಲ್ಲ. ವಿಷದ ಹೊಗೆಯನ್ನು ನಾವು ಕುಳಿತ ಜಾಗದ ಅಡಿಯಿಂದ ಸಾಗಿಸಿ, ಕಾರಿನ ಹಿಂದೆ ಬಯಲಿಗೆ ಬಿಡುವುದೂ ಅದರದ್ದೇ ಕೆಲಸ. ಸದ್ದು ಬದಲಾಯಿತೆಂದರೆ ಆ ದಾರಿಯಲ್ಲಿ ಎಲ್ಲೋ ಬಿರುಕು ಬಿಟ್ಟಿರಬಹುದು.

ಬೆಳಿಗ್ಗೆ ಮುಂಭಾಗದಿಂದ ‘ಟಪ್ ಟಪ್’ ಅಥವಾ ‘ಚಿಸ್ ಚಿಸ್’ ಎಂದು ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ, ಇಂಜಿನ್ನಿಗೆ ಕೊಳವೆ ಕೂಡುವ ಜಾಗದ ಗ್ಯಾಸ್ಕೆಟ್ ಸೋರುತ್ತಿರಬಹುದು. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚಿದಾಗ ಸದ್ದು ಅಡಗುತ್ತದೆ; ಆದರೆ ಸೋರಿಕೆ ಪೂರ್ತಿ ನಿಂತಿರುವುದಿಲ್ಲ. ನಮ್ಮ ಕಾರಿನ ರೋಗವೂ ಇದೇ ಆಗಿತ್ತು.

ಟ್ರ್ಯಾಕ್ಟರಿನಂತೆ ‘ಗುರ್ರ್’ ಎಂದು ಜೋರಾಗಿ ಗುಡುಗಿದರೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ ಅಥವಾ ಜೋಡಣೆ ಬಿಟ್ಟಿದೆ.

ಹಂಪು ಹಾರಿಸುವಾಗ ‘ಲಟ ಲಟ’ ಎಂದರೆ ಕೊಳವೆಯನ್ನು ತೂಗುಹಾಕಿದ ರಬ್ಬರ್ ಹರಿದಿರಬಹುದು ಅಥವಾ ಬಿಸಿ ತಡೆಯುವ ತಗಡು ಸಡಿಲವಾಗಿರಬಹುದು. ಒಳಗೆ ಕಲ್ಲು ಅಲುಗಾಡಿದ ಸದ್ದಾದರೆ ಕನ್ವರ್ಟರಿನ ಒಳಭಾಗವೇ ಒಡೆದಿರುವ ಸಾಧ್ಯತೆಯಿದೆ.

‘ಗುಳು ಗುಳು’ ಎಂದರೆ ಸೈಲೆನ್ಸರಿನಲ್ಲಿ ನೀರು ನಿಂತಿದೆ. ಒಂದು ದೂರದ ಓಟದಲ್ಲಿ ಅದು ಒಣಗುತ್ತದೆ.

‘ಠುಸ್, ಢಬ್’ ಎಂದು ಸಿಡಿದರೆ ಉರಿಯದ ಪೆಟ್ರೋಲ್ ಕೊಳವೆಗೆ ಬಂದು ಅಲ್ಲಿ ಉರಿಯುತ್ತಿದೆ. ಪ್ಲಗ್ ಮುಂತಾದವನ್ನು ಪರೀಕ್ಷಿಸಬೇಕು. ಹಾಗೇ ಬಿಟ್ಟರೆ ದುಬಾರಿ ಕನ್ವರ್ಟರ್ ಸುಟ್ಟುಹೋಗುತ್ತದೆ.

ಕಾರು ನಿಲ್ಲಿಸಿದ ಮೇಲೆ ಅಡಿಯಿಂದ ‘ಟಿಕ್... ಟಿಕ್...’ ಎಂದು ಬರುವ ಸದ್ದು ಮಾತ್ರ ನಿರಪಾಯಕಾರಿ. ಬಿಸಿಯಾದ ಲೋಹ ಆರುವಾಗ ಕುಗ್ಗುವ ಸದ್ದು ಅದು.

ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ

ಇಂಧನ ಅರೆಬರೆ ಉರಿದಾಗ ಹುಟ್ಟುವ ಅನಿಲ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ಉಸಿರಿನೊಂದಿಗೆ ಒಳಹೋದರೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆಗ ರಕ್ತ ಹರಿಯುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಬೇಕಾದ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಮಂಪರು. ಕೊನೆಗೆ ಎಚ್ಚರವಾಗದ ನಿದ್ದೆ.

ಮಕ್ಕಳು, ವೃದ್ಧರು, ಹೃದ್ರೋಗಿಗಳು, ಗರ್ಭಿಣಿಯರು ಇದಕ್ಕೆ ಬೇಗ ತುತ್ತಾಗುತ್ತಾರೆ. ಗರ್ಭಿಣಿಯ ರಕ್ತದಿಂದ ಈ ಅನಿಲ ಮಗುವಿನ ರಕ್ತಕ್ಕೂ ದಾಟುತ್ತದೆ. ತಾಯಿಗೆ ಬರೀ ತಲೆನೋವು ಎನಿಸಿದ ಹೊತ್ತಿನಲ್ಲಿ ಮಗುವಿಗೆ ಹೆಚ್ಚಿನ ಹಾನಿಯಾಗಿರಬಹುದು.

2020ರ ಕೊರೋನಾ ಕಾಲದಿಂದ ಹಲವು ಮನೆಗಳಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರವಿದೆ. ಈ ವಿಷಯದಲ್ಲಿ ಅದನ್ನು ನಂಬಬೇಡಿ. ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ಇರುವ ವ್ಯತ್ಯಾಸ ಆ ಸಾಮಾನ್ಯ ಯಂತ್ರಕ್ಕೆ ತಿಳಿಯುವುದಿಲ್ಲ. ಸಾಯುವ ಸ್ಥಿತಿಯಲ್ಲಿರುವವರಿಗೂ ಅದು 98 ಎಂದು ತೋರಿಸಬಹುದು.

ಒಂದು ಗುರುತನ್ನು ಮಾತ್ರ ಮರೆಯಬೇಡಿ. ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂದು, ಇಳಿದು ಹೊರಗಿನ ಗಾಳಿಗೆ ನಿಂತಾಗ ಕಡಿಮೆಯಾದರೆ ಅದು ಪಿತ್ತವೂ ಅಲ್ಲ, ದೃಷ್ಟಿಯೂ ಅಲ್ಲ. ಹೊಗೆ ಸೋರುತ್ತಿದೆಯೇ ಎಂದು ಮೊದಲು ನೋಡಿಸಿ.

ನಿಂತ ಗಾಡಿಯಲ್ಲಿ ನಿದ್ದೆ

ನಮ್ಮ ಊರಿನವರಿಗೆ ಈ ಮಾತು ವಿಶೇಷವಾಗಿ ಹೇಳಬೇಕು. ಬಂಡೀಪುರ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧ 2009ರಲ್ಲಿ ಆರಂಭವಾಯಿತು. ಕೇರಳದ ಕಡೆಗೋ ಊಟಿಯ ಕಡೆಗೋ ಹೊರಟವರು ತಡವಾಗಿ ಬಂದರೆ ಗುಂಡ್ಲುಪೇಟೆಯ ಆಸುಪಾಸಿನಲ್ಲೇ ಬೆಳಗು ಹಾಯಿಸಬೇಕು. ರೂಮು ಮಾಡುವ ಖರ್ಚೇಕೆಂದು ಕಾರಿನಲ್ಲೇ ಮಲಗುವವರಿದ್ದಾರೆ. ಚಳಿಗೆ ಹೀಟರ್, ಸೆಕೆಗೆ ಎ.ಸಿ., ಅದಕ್ಕಾಗಿ ಇಂಜಿನ್ ಚಾಲೂ. ಗಾಜೆಲ್ಲ ಮುಚ್ಚಿ, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ನಿದ್ದೆ.

ಓಡುವ ಕಾರಿನಲ್ಲಾದರೆ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ನಿಂತ ಕಾರಿನ ಅಡಿಯಲ್ಲಿ ಹೊಗೆ ಮಡುಗಟ್ಟುತ್ತದೆ. ಕೊಳವೆಯಲ್ಲಿ ತೂತಿದ್ದರೆ ತಂತಿಗಳು ಹಾಯುವ ರಂಧ್ರಗಳಿಂದ, ಗಾಳಿ ಎಳೆಯುವ ಕಿಂಡಿಯಿಂದ ಒಳಗೆ ಸೇರುತ್ತದೆ. ಸೈಲೆನ್ಸರ್ ಸರಿಯಿದ್ದರೂ, ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಅಥವಾ ಶೆಡ್ಡಿನೊಳಗಿದ್ದರೆ ಅಪಾಯ ತಪ್ಪುವುದಿಲ್ಲ.

ಇದು ಕಲ್ಪನೆಯ ಭಯವಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ವಡಗರದಲ್ಲಿ ಹೆದ್ದಾರಿಯ ಬದಿ ನಿಂತಿದ್ದ ಕ್ಯಾರವಾನ್ ವಾಹನದಲ್ಲಿ ಇಬ್ಬರು ಶವವಾಗಿ ಪತ್ತೆಯಾದರು. ವಾಹನದ ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಸಾವಿಗೆ ಕಾರಣವೆಂದು ತನಿಖೆಯಲ್ಲಿ ಗೊತ್ತಾಯಿತು. ಎ.ಸಿ. ಗಾಳಿಯಲ್ಲಿ ಮಲಗಿದವರಿಗೆ ಎಚ್ಚರಿಕೆ ಕೊಡಲು ಆ ವಿಷಕ್ಕೆ ವಾಸನೆಯಾದರೂ ಇರಲಿಲ್ಲ.

ಆದ್ದರಿಂದ ಕಾರಿನಲ್ಲಿ ಮಲಗಲೇಬೇಕಾದರೆ ಇಂಜಿನ್ ಬಂದ್ ಮಾಡಿ, ಗಾಜು ಸ್ವಲ್ಪ ಇಳಿಸಿ, ಕಂಬಳಿ ಹೊದ್ದು ಮಲಗಿ. ಗೇಟು ಮುಚ್ಚಿದ ಶೆಡ್ಡಿನಲ್ಲಿ ಕಾರು ಬಿಸಿ ಮಾಡಬೇಡಿ. ಬಾಳೆಗೊನೆಯನ್ನೋ ಹಾಸಿಗೆಯನ್ನೋ ತುಂಬಿಕೊಂಡು ಡಿಕ್ಕಿ ತೆರೆದಿಟ್ಟು ಓಡಿಸಬೇಡಿ. ಹಿಂದಿನ ಹೊಗೆ ಸುಳಿಯಾಗಿ ಕಾರಿನೊಳಕ್ಕೇ ಬರುತ್ತದೆ.

ಯಾರಿಗಾದರೂ ತಲೆಸುತ್ತಿ ಮಂಪರು ಬಂದರೆ ಕೂಡಲೇ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಎಲ್ಲರನ್ನೂ ಬಯಲಿಗೆ ಇಳಿಸಿ, 108ಕ್ಕೆ ಫೋನ್ ಮಾಡಿ. “ಕಾರಿನಲ್ಲಿ ಕುಳಿತಿದ್ದಾಗ ಹೀಗಾಯಿತು, ಹೊಗೆ ಸೋರಿರಬಹುದು” ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಆಗಲೇ ಅವರು ಸರಿಯಾದ ರಕ್ತಪರೀಕ್ಷೆ ಮಾಡಿಸಿ ಆಮ್ಲಜನಕ ಕೊಡಲು ಸಾಧ್ಯ.

ಹೊರಗಿನ ನೀರು ಬೇರೆ

ಸೈಲೆನ್ಸರಿನಲ್ಲಿ ತಾನಾಗಿ ಹುಟ್ಟುವ ನೀರಿಗೆ ಹೆದರಬೇಡಿ ಎಂದೆ. ಹೊರಗಿನಿಂದ ನುಗ್ಗುವ ನೀರಿನ ಕಥೆ ಬೇರೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಬಳಿ ಮೈಸೂರು ರಸ್ತೆ ಮುಳುಗಿದ್ದು ನಮಗೆಲ್ಲ ನೆನಪಿದೆ. ಇಂಥ ನೀರಿನಲ್ಲಿ ಕಾರು ಇಳಿಸಬಾರದು. ಇಂಜಿನ್ ಓಡುತ್ತಿರುವಾಗ ಹೊಗೆಯ ಒತ್ತಡ ಹಿಂದಿನ ನೀರನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆದರೆ ಮುಂಭಾಗದ ಗಾಳಿ ಎಳೆಯುವ ಕೊಳವೆಯಿಂದ ನೀರು ಇಂಜಿನ್ನಿಗೆ ಹೋದರೆ ಒಳಗಿನ ಕಬ್ಬಿಣದ ತೋಳುಗಳೇ ಬಾಗಿಹೋಗುತ್ತವೆ. ನೀರಿನಲ್ಲಿ ಕಾರು ನಿಂತುಬಿಟ್ಟರೆ ಮತ್ತೆ ಕೀ ತಿರುಗಿಸಬೇಡಿ. ಜನರು ಇಳಿದು ಸುರಕ್ಷಿತ ಜಾಗಕ್ಕೆ ಹೋಗಲಿ. ಕಾರನ್ನು ಆಮೇಲೆ ಎಳೆಸಿಕೊಂಡು ಹೋಗಿ ತೋರಿಸಿದರಾಯಿತು.

ಮನೆಯಲ್ಲಿ ನಾವು ಮಾಡಬಹುದಾದದ್ದು

ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಬಯಲಿನಲ್ಲಿ ಕಾರಿನ ಪಕ್ಕ ನಿಂತು ಒಂದು ನಿಮಿಷ ಆಲಿಸಿ. ಸೋರಿಕೆ ಚೆನ್ನಾಗಿ ಕೇಳಿಸುವುದು ಆಗಲೇ. ನಿನ್ನೆಯಿಲ್ಲದ ಸದ್ದು ಇಂದಿದ್ದರೆ ಮನೆಯವರಿಗೆ ಹೇಳಿ. ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಗಮನಿಸಿಟ್ಟುಕೊಂಡರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿಯಿತು. ಕೊಳವೆ ಬಿಸಿಯಿರುವಾಗ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಜಾಕ್ ಕೊಟ್ಟ ಕಾರಿನ ಕೆಳಗೆ ಯಾರೂ ನುಸುಳಬಾರದು. ಗ್ಯಾರೇಜಿನಲ್ಲಿ ಗಾಡಿ ಎತ್ತಿದಾಗ, ಜೋಡಣೆಗಳ ಸುತ್ತ ಕಪ್ಪು ಮಸಿ ಹಿಡಿದಿದೆಯೇ ಎಂದು ಕೇಳಿ, ಮಸಿಯಿದ್ದಲ್ಲಿ ಸೋರಿಕೆಯಿದೆ.

ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಅಲ್ಲಿ ಅಳೆಯುವುದು ಕೊಳವೆಯ ತುದಿಯಲ್ಲಿ ಬರುವ ಹೊಗೆಯನ್ನು. ಮಧ್ಯದಲ್ಲಿ, ನಮ್ಮ ಕಾಲ ಕೆಳಗೆ ಸೋರುವುದು ಅದರಲ್ಲಿ ಕಾಣುವುದಿಲ್ಲ.

ಯಾರಾದರೂ “ನೀರು ಬರುತ್ತಿದೆ, ಇಂಜಿನ್ ಬಿಚ್ಚಬೇಕು” ಎಂದರೆ ಚಾಚಾ ಕೇಳಿದ ಆ ನಾಲ್ಕು ಪ್ರಶ್ನೆಗಳನ್ನು ನೀವೂ ಕೇಳಿಕೊಳ್ಳಿ. ಇನ್ನೊಂದು ಕಡೆ ತೋರಿಸದೆ ಒಪ್ಪಿಕೊಳ್ಳಬೇಡಿ.

ನಮ್ಮ ಕಾರಿನ ಗ್ಯಾಸ್ಕೆಟ್ ಬದಲಿಸಿ, ಬೋಲ್ಟು ಬಿಗಿದು, ತುಕ್ಕು ಹಿಡಿದ ಒಂದು ಜೋಡಣೆಯನ್ನು ಬೆಸುಗೆ ಮಾಡಲು ಎರಡು ಸಾವಿರ ರೂಪಾಯಿಯೂ ಆಗಲಿಲ್ಲ. ಮುಂದಿನ ವಾರ ಅದೇ ಚಳಿಯಲ್ಲಿ, ಅದೇ ದಾರಿಯಲ್ಲಿ ಮೈಸೂರಿಗೆ ಹೋದೆವು. ಅಂದು ಹೊರಡುವಾಗಲೂ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ‘ಟಪ್ ಟಪ್’ ಸದ್ದು ಇರಲಿಲ್ಲ. ನಂಜನಗೂಡು ದಾಟಿದ ಮೇಲೆ ಹಿಂತಿರುಗಿ ನೋಡಿದೆ. ಮಗಳು ಅಜ್ಜಿಯ ಹೆಗಲಿಗೆ ಒರಗಿ ಕಡಲೆಕಾಯಿ ತಿನ್ನುತ್ತಿದ್ದಳು. ನಿಂಬೆಹಣ್ಣು ನನ್ನ ಚೀಲದಲ್ಲೇ ಉಳಿದಿತ್ತು. ಅಲ್‌ಹಮ್ದುಲಿಲ್ಲಾಹ್!

ಎರಡು ತಿಂಗಳು ಆ ಮಗುವನ್ನು ವಿಷದ ಗಾಳಿಯಲ್ಲಿ ಕೂರಿಸಿಕೊಂಡು, ವಾಂತಿಗೆ ಚೀಲ ಹಿಡಿದವಳು ನಾನು. ಸದ್ದು ನನಗೂ ಕೇಳಿಸುತ್ತಿತ್ತು. ಕೇಳಲಿಲ್ಲ, ಅಷ್ಟೆ. ನಾಳೆ ಬೆಳಿಗ್ಗೆ ನಿಮ್ಮ ಮನೆಯ ಮುಂದೆ ಕಾರು ಸ್ಟಾರ್ಟ್ ಆದಾಗ, ಸಹೋದರಿಯರೇ, ನೀವೂ ಒಂದು ನಿಮಿಷ ಕಿವಿಗೊಟ್ಟು ನಿಲ್ಲಿ.